ಹಳೇ ಸ್ಲೆಡ್ಡಿಗೆ ಎರಡಿಂಚಿನ ಹಲ್ಲು

ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್ ಸೀಮೆಯಲ್ಲಿ ಅಕ್ಟೋಬರ್ ತಿಂಗಳು ಬಂತೆಂದರೆ ಮಧ್ಯವಯಸ್ಸಿನ ಗಂಡಸರಿಗೆ ಒಂದು ಬಗೆಯ ಜ್ವರ ಏರುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ಮಲಗಿದ್ದ ತೊಂಬತ್ತರ ದಶಕದ ಸ್ನೋಮೊಬೈಲನ್ನು ಯಜಮಾನ ಎಬ್ಬಿಸುತ್ತಾನೆ. ಎಂಜಿನ್ ಕೆಮ್ಮುವುದು ಅವನ ಕಿವಿಗೆ ಬೀಳುವುದಿಲ್ಲ. ಹರಿದ ಸೀಟು, ಸೋರುವ ಶಾಕ್ ಅಬ್ಸಾರ್ಬರು ಕಣ್ಣಿಗೆ ಬೀಳುವುದಿಲ್ಲ. ಅವನಿಗೆ ಕಾಣುವ ಕೊರತೆ ಒಂದೇ: ಟ್ರ್ಯಾಕಿನ ಹಲ್ಲು ಗಿಡ್ಡ!

ಹಿಮ ಬೀಳದ ನಾಡಿನ ಓದುಗರಿಗಾಗಿ ಎರಡು ಮಾತು. ಸ್ನೋಮೊಬೈಲಿಗೆ, ಅಲ್ಲಿಯವರ ಬಾಯಲ್ಲಿ ಸ್ಲೆಡ್ಡಿಗೆ, ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರಿನ ಪಟ್ಟೆ. ಆ ಪಟ್ಟೆಯೇ ಟ್ರ್ಯಾಕ್. ಅದರ ಹೊರಮೈಯಲ್ಲಿ ಎದ್ದುನಿಂತ ದಿಂಡುಗಳು ಲಗ್ಗುಗಳು. ಹಿಮವನ್ನು ಕಚ್ಚಿ ಗಾಡಿಯನ್ನು ಮುಂದಕ್ಕೆ ನೂಕುವ ಹಲ್ಲುಗಳು. ಹಳೆಯ ಸ್ಲೆಡ್ಡುಗಳಲ್ಲಿ ಅವು ಮುಕ್ಕಾಲು ಇಂಚಿನ ಆಸುಪಾಸು. ರಾಕಿ ಪರ್ವತಗಳನ್ನು ಹತ್ತುವ ಈಗಿನ ಗಾಡಿಗಳಲ್ಲಿ ಎರಡೂವರೆ, ಮೂರು ಇಂಚು. ಪಕ್ಕದ ಮನೆಯವನ ಹೊಸ ಗಾಡಿಯ ಹಲ್ಲು ನೋಡಿದ ಮೇಲೆ ನಮ್ಮ ಯಜಮಾನನಿಗೆ ನಿದ್ದೆ ಎಲ್ಲಿಂದ ಬರಬೇಕು?

ಲಂಗೋಟಿಯನ್ನು ಇಲಿಯಿಂದ ಕಾಪಾಡಲು ಬೆಕ್ಕು ತಂದು, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವನ್ನು ನೋಡಿಕೊಳ್ಳಲು ಹೆಂಡತಿಯನ್ನು ತಂದ ಸನ್ಯಾಸಿಯ ಕಥೆ ನಮಗೆಲ್ಲ ಗೊತ್ತು. ಅದು ಮಿನೆಸೋಟಾದವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಸ್ಲೆಡ್ಡಿನ ಬಿಡಿಭಾಗ ಮಾರುವವರು ಅಂಗಡಿ ಮುಚ್ಚಬೇಕಾಗುತ್ತಿತ್ತು.

ಮೊದಲು ಟ್ರ್ಯಾಕ್ ಬರುತ್ತದೆ. ಅದರ ಬೆಲೆಗೆ ಇನ್ನಷ್ಟು ಸೇರಿಸಿದರೆ ಇಂಥದೇ ಇನ್ನೊಂದು ಹಳೇ ಸ್ಲೆಡ್ಡೇ ಬರುತ್ತಿತ್ತು. ಇರಲಿ, ಪ್ರೀತಿಗೆ ಲೆಕ್ಕವಿಲ್ಲ. ಹಿಂದಿನ ಸಸ್ಪೆನ್ಷನ್ ಇಳಿಸಿ, ಸರಪಳಿಯ ಪೆಟ್ಟಿಗೆಯಾದ ಚೈನ್‌ಕೇಸ್ ಬಿಚ್ಚಿ, ಎಣ್ಣೆಯನ್ನು ಅಂಗಿಗೆ ಅರ್ಧ, ನೆಲಕ್ಕೆ ಅರ್ಧ ಹಂಚಿ, ಡ್ರೈವ್ ಶಾಫ್ಟನ್ನು ಹೊರಗೆಳೆದ ಮೇಲೆ ಜ್ಞಾನೋದಯವಾಗುತ್ತದೆ. ಹಳೇ ಗಾಡಿಯ ಟ್ರ್ಯಾಕಿನ ಪಿಚ್, ಅಂದರೆ ಲಗ್ಗುಗಳ ಸಾಲಿನಿಂದ ಸಾಲಿಗೆ ಇರುವ ಅಂತರ, 2.52 ಇಂಚು; ಉದ್ದ ಹಲ್ಲಿನ ಹೊಸ ಟ್ರ್ಯಾಕುಗಳಲ್ಲಿ ಬಹಳಷ್ಟು 2.86 ಅಥವಾ 3 ಇಂಚಿನವು. ಟ್ರ್ಯಾಕನ್ನು ತಿರುಗಿಸುವ ಹಳೇ ಡ್ರೈವರ್ ಚಕ್ರಕ್ಕೂ ಹೊಸ ಟ್ರ್ಯಾಕಿಗೂ ಜಾತಕವೇ ಕೂಡುವುದಿಲ್ಲ.

ಹುಡುಕಿ ಹುಡುಕಿ 2.52ರದ್ದನ್ನೇ ತಂದ ಎನ್ನಿ. ಈಗ ಜಾಗದ ತಕರಾರು. ಟ್ರ್ಯಾಕ್ ಸುತ್ತುವುದು ಟನೆಲ್ ಎಂಬ ಅಲ್ಯುಮಿನಿಯಂ ಗೂಡಿನೊಳಗೆ. ಮುಕ್ಕಾಲು ಇಂಚಿನ ಹಲ್ಲಿಗೆಂದು ಕಟ್ಟಿದ ಗೂಡಿಗೆ ಎರಡಿಂಚಿನ ಹಲ್ಲು ಹೋಗಬೇಕಾದರೆ ಒಂದೂಕಾಲು ಇಂಚು ಹೆಚ್ಚು ಜಾಗ ಬೇಕು. ಅದಕ್ಕೆ ಊರವರೆಲ್ಲ ಕೊಡುವ ಸಲಹೆ, ಡ್ರೈವರ್ ಚಕ್ರವನ್ನು ಚಿಕ್ಕದು ಮಾಡು. ಒಂಬತ್ತು ಹಲ್ಲಿನ ಚಕ್ರ ತೆಗೆದು ಎಂಟರದ್ದು ಹಾಕಿದರೆ ಸಿಗುವ ಜಾಗ 0.4 ಇಂಚು. ಬೇಕಾದ್ದು 1.25, ಸಿಕ್ಕಿದ್ದು 0.4. ಮೂರನೇ ಕ್ಲಾಸಿನ ಮಗುವೂ ಈ ಕಳೆಯುವ ಲೆಕ್ಕ ಮಾಡೀತು. ಆದರೆ ಮಗುವಿಗೆ ಗ್ಯಾರೇಜಿಗೆ ಪ್ರವೇಶವಿಲ್ಲ.

ಜೊತೆಗೆ, ಚಕ್ರ ಚಿಕ್ಕದಾದದ್ದಕ್ಕೆ ಗಾಡಿಯ ವೇಗ ಒಂಬತ್ತರಲ್ಲಿ ಒಂದು ಪಾಲು ಕಡಿಮೆಯಾಯಿತು. ಯಜಮಾನ ಬಿಡುತ್ತಾನೆಯೆ? ಚೈನ್‌ಕೇಸಿನ ಗೇರು ಬದಲಿಸುತ್ತಾನೆ. ಆಗ ಭಾರದ ಟ್ರ್ಯಾಕನ್ನು ಮುದಿ ಎಂಜಿನ್ ಎಳೆಯುವುದಿಲ್ಲ. ಸರಿ, ಕ್ಲಚ್ಚಿನ ತೂಕ, ಸ್ಪ್ರಿಂಗು ಎಲ್ಲ ಹೊಸದು. ಲಂಗೋಟಿ ಅಲ್ಲೇ ಇದೆ; ಹಟ್ಟಿಯಲ್ಲಿ ಹಸು ಮೂರಾಗಿವೆ.

ಹೇಗೋ ತುರುಕಿ ಹೊರಟರೆ ವೇಗ ಹೆಚ್ಚಿದಂತೆ ಟ್ರ್ಯಾಕ್ ಉಬ್ಬುತ್ತದೆ. ನಿಂತಾಗ ತಾಗದ ಹಲ್ಲು ಓಡುವಾಗ ಟನೆಲ್ಲಿನ ಮುಂಭಾಗವನ್ನು ಕೆರೆಯುತ್ತದೆ. ಲಿಕ್ವಿಡ್ ಕೂಲ್ಡ್ ಗಾಡಿಗಳಲ್ಲಿ ಎಂಜಿನ್ ತಣಿಸುವ ಕೂಲರುಗಳು ಇರುವುದೂ ಆ ಟನೆಲ್ಲಿನಲ್ಲೇ. ಕೂಲರು ತೂತಾದರೆ ಕೂಲಂಟು ಹಿಮದ ಮೇಲೆ ಹಸಿರು ರಂಗೋಲಿ ಬಿಡಿಸುತ್ತದೆ.

ಇಷ್ಟೆಲ್ಲ ಮಾಡಿ ಈತ ಹೋಗುವುದಾದರೂ ಎಲ್ಲಿಗೆ? ಊರಿನ ಕ್ಲಬ್ಬಿನ ಸ್ವಯಂಸೇವಕರು ರಾತ್ರಿಯೆಲ್ಲ ಗ್ರೂಮರ್ ಓಡಿಸಿ, ಸಿಮೆಂಟಿನ ಹಾಗೆ ಸಮತಟ್ಟು ಮಾಡಿಟ್ಟ ಟ್ರೈಲಿಗೆ. ಒಂದು ಬಾರಿನಿಂದ ಇನ್ನೊಂದು ಬಾರಿಗೆ. ಅಲ್ಲಿ ಕಚ್ಚಲು ಎರಡಿಂಚಿನ ಹಿಮವೇ ಇಲ್ಲ. ಉದ್ದ ಹಲ್ಲು ಗಟ್ಟಿ ನೆಲದ ಮೇಲೆ ಬಾಗುತ್ತದೆ, ಕಾಯುತ್ತದೆ, ಕೊನೆಗೆ ತುಂಡುತುಂಡಾಗಿ ಕಿತ್ತುಬರುತ್ತದೆ. ಟ್ರ್ಯಾಕಿನ ಒಳಗಡೆ ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಜಾರುಪಟ್ಟಿಗಳಿವೆ. ಅವನ್ನು ತಣ್ಣಗಿಡುವುದು ಮೇಲೆ ಚಿಮ್ಮುವ ಸಡಿಲ ಹಿಮ. ಮಂಜುಗಡ್ಡೆಯ ಹಾದಿಯಲ್ಲಿ ಅದೂ ಇಲ್ಲದೆ ಅವು ಕರಗಿ ನಾರುತ್ತವೆ. ಪೆಟ್ರೋಲು ಮಾತ್ರ ಯಾವ ತಕರಾರೂ ಇಲ್ಲದೆ ಖರ್ಚಾಗುತ್ತದೆ.

‘ಒಂದು ದಿನ ಆಳ ಹಿಮ ಬಿದ್ದೇ ಬೀಳುತ್ತೆ, ಆಗ ನೋಡಿ!’ ಎನ್ನುತ್ತಾನೆ ಯಜಮಾನ. ನೋಡೋಣ. ಆಳದ ಹಿಮದಲ್ಲಿ ಗಾಡಿ ತೇಲಬೇಕಾದರೆ ಹಲ್ಲಿನಷ್ಟೇ ಟ್ರ್ಯಾಕಿನ ಉದ್ದವೂ ಮುಖ್ಯ. ಪರ್ವತದ ಗಾಡಿಗಳ ಟ್ರ್ಯಾಕು 165, 174 ಇಂಚು ಇರುವುದು ಅಲಂಕಾರಕ್ಕಲ್ಲ. ಈತನದು 121 ಇಂಚು. ಅದರಲ್ಲೂ ನೆಲಕ್ಕೆ ತಾಗುವುದು ಅರ್ಧಕ್ಕಿಂತ ಕಡಿಮೆ. ಗಿಡ್ಡ ಟ್ರ್ಯಾಕಿಗೆ ಉದ್ದ ಹಲ್ಲು ಕೊಟ್ಟು ಆಕ್ಸಿಲರೇಟರ್ ಒತ್ತಿದರೆ ಅದು ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಗುತ್ತದೆ. ಕೂತಲ್ಲೇ ಬಾವಿ.

ಇನ್ನು ಆ ‘ಒಂದು ದಿನ’. 2023–24ರ ಚಳಿಗಾಲದಲ್ಲಿ ಮಿನೆಸೋಟಾದಲ್ಲಿ ಹಿಂದೆಂದೂ ಕಾಣದ ಸೆಕೆ. ಹಿಮವೇ ಸಾಲದೆ ಜಾನ್ ಬೇರ್‌ಗ್ರೀಸ್ ನಾಯಿಬಂಡಿ ಓಟ ರದ್ದಾಯಿತು. ಎಷ್ಟೋ ಟ್ರೈಲುಗಳು ಸರಿಯಾಗಿ ತೆರೆಯಲೇ ಇಲ್ಲ. ಆಕಾಶ ಕೈ ಬಿಗಿ ಹಿಡಿದ ವರ್ಷ ಗ್ಯಾರೇಜುಗಳಲ್ಲಿ ಎರಡಿಂಚಿನ ಹಲ್ಲುಗಳು ಬಾಯಿ ತೆರೆದು ಕಾದವು.

ಮೊದಲು ಹೀಗಿರಲಿಲ್ಲ. 1924ರಲ್ಲಿ ವಿಸ್ಕಾನ್ಸಿನ್ನಿನ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ ಕಟ್ಟಿದ ಮೋಟಾರ್ ಬಂಡಿಗೆ ಇದ್ದದ್ದು ಎರಡೂವರೆ ಅಶ್ವಶಕ್ತಿಯ ದೋಣಿ ಎಂಜಿನ್ನು, ಸೈಕಲ್ಲಿನ ಬಿಡಿಭಾಗಗಳು. ಕೆನಡಾದ ಕ್ವಿಬೆಕ್ಕಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆಯ ಪುಟ್ಟ ಮಗ 1934ರಲ್ಲಿ ತೀರಿಕೊಂಡ. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಮೂರು ವರ್ಷಕ್ಕೆ ಬೊಂಬಾರ್ಡಿಯೆ ಹಲ್ಲುಚಕ್ರ ಮತ್ತು ಟ್ರ್ಯಾಕಿನ ವ್ಯವಸ್ಥೆಗೆ ಪೇಟೆಂಟ್ ಪಡೆದ. ಆ ಹಿಮಬಂಡಿಗಳು ರೋಗಿಗಳನ್ನೂ ಅಂಚೆಯನ್ನೂ ಶಾಲೆಯ ಮಕ್ಕಳನ್ನೂ ಹೊತ್ತವು. ಆ ಇಬ್ಬರಿಗೆ ಎಲ್ಲಿಗೆ ಹೋಗಬೇಕು ಎನ್ನುವುದು ಮೊದಲು ಗೊತ್ತಿತ್ತು, ಯಂತ್ರ ಆಮೇಲೆ ಬಂತು. ಈಗ ಯಂತ್ರ ಸಿದ್ಧವಾದ ಮೇಲೆ ಅದಕ್ಕೆ ತಕ್ಕ ಬೆಟ್ಟ ಹುಡುಕುತ್ತಾರೆ.

ಹಾಗಾಗಿ ತೀರ್ಪು ಇಷ್ಟೇ. ಹಳೇ ಸ್ಲೆಡ್ಡಿಗೆ ಹೊಸ ಟ್ರ್ಯಾಕ್ ಹಾಕಿ, ಸಂತೋಷ. ಮೊದಲು ಟನೆಲ್ಲಿನೊಳಗೆ ಸ್ಕೇಲು ಹಿಡಿಯಿರಿ, ಪಿಚ್ ನೋಡಿ. ಟ್ರೈಲಿನಲ್ಲಿ ಓಡಿಸುವವನಿಗೆ ಒಂದೂಕಾಲು ಇಂಚು ಧಾರಾಳವಾಯಿತು. ನಿಜವಾಗಿ ಬೆಟ್ಟ ಹತ್ತುವ ಹುಚ್ಚಿದ್ದರೆ ಇದನ್ನು ಮಾರಿ, ಬೆಟ್ಟಕ್ಕೆಂದೇ ಹುಟ್ಟಿದ ಉದ್ದ ಟ್ರ್ಯಾಕಿನ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಿ. ಖರ್ಚು ಕಡಿಮೆ, ಮರ್ಯಾದೆ ಉಳಿಯುತ್ತದೆ. ಬಾರಿಗೆ ಹೋಗಿಬರುವುದಷ್ಟೇ ಕೆಲಸವಾದರೆ, ಈಗಿರುವ ಮುಕ್ಕಾಲು ಇಂಚೇ ಹೆಚ್ಚು.