ಮುದ್ರೆಯಿಲ್ಲದ ಮಿಲಿಮೀಟರು

ಪುತ್ತೂರಿನ ಅಡಿಕೆ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೀಳಲೇಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕಟ್ಟಳೆ ಅದು. ಮಾರಲು ಬಂದ ಕೃಷಿಕನೂ ಸುಮ್ಮನಿರುವ ಆಸಾಮಿಯಲ್ಲ. ಪಟೋರ ಅಡಿಕೆಯನ್ನು ಕೀಳು ದರ್ಜೆಯ ಕರಿಗೋಟು ಅಂದರೆ ಅಲ್ಲೇ ಜಗಳ, ತೂಕ ನೂರು ಗ್ರಾಂ ಜಾರಿದರೆ ಗೋಣಿ ಪಕ್ಕದ ಅಂಗಡಿಗೆ. ಅದೇ ಮನುಷ್ಯ ಮಗಳ ತಲೆನೋವಿಗೆ ಎಂಆರ್‌ಐ ಮಾಡಿಸಿ, ‘ಕಣ್ಣಿನ ನರದ ಕವಚ 5.9 ಮಿ.ಮೀ.’ ಎಂಬ ವರದಿ ಸಿಕ್ಕಾಗ ದುಡ್ಡು ಕೊಟ್ಟು, ಕೈಮುಗಿದು ಬರುತ್ತಾನೆ. ಎಲ್ಲಿ ಅಳೆದಿರಿ ಡಾಕ್ಟ್ರೇ ಎಂದು ಕೇಳುವುದಿಲ್ಲ.

ಕೇಳಬೇಕಿತ್ತು. ಮಿದುಳಿನ ಹೊದಿಕೆಯೇ ಮುಂದುವರಿದು ಕಣ್ಣಿನ ನರಕ್ಕೆ ಕವಚವಾಗಿದೆ. ಅದರೊಳಗಿರುವುದೂ ಮಿದುಳಿನ ಸುತ್ತಲಿನ ನೀರೇ. ತಲೆಬುರುಡೆಯೊಳಗೆ ಒತ್ತಡ ಏರಿದರೆ ಕವಚ ಉಬ್ಬುತ್ತದೆ. ಆ ಒತ್ತಡ ಅಳೆಯಲು ಸೊಂಟಕ್ಕೆ ಸೂಜಿ ಚುಚ್ಚುವ ಮೊದಲೇ ಸುಳಿವು ಸಿಗಲಿ ಎಂದು ಕಣ್ಣುಗುಡ್ಡೆಯಿಂದ 3 ಮಿ.ಮೀ. ಹಿಂದೆ ಅದನ್ನು ಅಳೆಯುವುದು ರೂಢಿ. ಆರೋಗ್ಯವಂತರಲ್ಲಿ ಸುಮಾರು 5. ಆರರ ಹತ್ತಿರ ಬಂದರೆ ವೈದ್ಯರ ಹುಬ್ಬು ಮೇಲೇರುತ್ತದೆ. ಮನೆಗೆ ಹೋಗಿ ಎನ್ನುವುದಕ್ಕೂ ಅಡ್ಮಿಟ್ ಆಗಿ ಎನ್ನುವುದಕ್ಕೂ ನಡುವೆ ಒಂದು ಮಿಲಿಮೀಟರೂ ಇಲ್ಲ. ಮಾಮೂಲಿ ಮಿದುಳು ಸ್ಕ್ಯಾನಿನ ಸ್ಲೈಸಿನ ದಪ್ಪವೋ, 5 ಮಿ.ಮೀ.! ಅಳೆಯಬೇಕಾದ ವಸ್ತುವಿನಷ್ಟೇ ದಪ್ಪದ ಚೂರಿನಲ್ಲಿ ದಶಾಂಶ ಹುಡುಕುವ ಧೈರ್ಯಕ್ಕೆ ರಾಜ್ಯೋತ್ಸವ ಪ್ರಶಸ್ತಿಯೇ ಕೊಡಬಹುದು.

ಒಬ್ಬ ತಜ್ಞರು ಕವಚದ ಹೊರ ಅಂಚು ಹಿಡಿದರೆ ಇನ್ನೊಬ್ಬರು ಒಳ ಅಂಚು. ನರ ಓರೆಯಾಗಿ ಸಿಕ್ಕಿದರೆ ಇಲ್ಲದ ಅಗಲ ಬರುತ್ತದೆ. ಯಂತ್ರದ ಗಡಗಡಕ್ಕೆ ಬೆದರಿ ರೋಗಿ ಕಣ್ಣು ಹೊರಳಿಸಿದರೆ ನರವೂ ಹೊರಳಿ ಚಿತ್ರ ಮಸುಕು. ‘ರೋಗಲಕ್ಷಣಗಳೊಂದಿಗೆ ತಾಳೆ ನೋಡಿ’ ಎಂಬ ಕೊನೆಯ ಸಾಲು ಮಾತ್ರ ಎಲ್ಲ ವರದಿಗಳಲ್ಲೂ ಒಂದೇ. ವಿಶ್ವಾಸಾರ್ಹತೆ ಎಂಬುದಿದ್ದರೆ ಅಲ್ಲಿದೆ.

ಸುಳ್ಯ, ಕಡಬದವರು ಫಿಲ್ಮು ಹೊತ್ತು ಮಂಗಳೂರಿಗೆ ಹೋದರೆ ಹೊಸ ಯಂತ್ರ, ಹೊಸ ಸಂಖ್ಯೆ. ಏರಿದ್ದು ರೋಗವೋ, ಜಾರಿದ್ದು ಅಳತೆಗೋಲೋ? ಎಕ್ಸ್‌ರೇ, ಸಿಟಿ ಯಂತ್ರಗಳಿಗಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಎಂಆರ್‌ಐಯಲ್ಲಿ ಅಂಥ ವಿಕಿರಣವಿಲ್ಲವಲ್ಲ, ಮಂಡಳಿ ನಿಶ್ಚಿಂತೆ. ಅಯಸ್ಕಾಂತದ ಬಲ ಎಷ್ಟು ಟೆಸ್ಲಾ ಎಂಬುದು ಹೊರಗಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿದ್ದರೆ ನಮಗೂ ನಿಶ್ಚಿಂತೆ.

ಈ ಅಳತೆಯ ಗೊಂದಲಕ್ಕೆ ಮದ್ದು ದುಬಾರಿಯದ್ದಲ್ಲ. ತೆಳು ಸ್ಲೈಸ್, ಕೊಬ್ಬಿನ ಬಿಳುಪು ಅಡಗಿಸಿದ ಟಿ2 ಬಗೆಯ ಚಿತ್ರ, ನರಕ್ಕೆ ಸರಿಯಾಗಿ ಅಡ್ಡ ಹೋದ ಛೇದ, ಎರಡೂ ಕಣ್ಣಿನ ಅಳತೆ, ಒಬ್ಬರ ಸಂಖ್ಯೆ ನೋಡದೆ ಇನ್ನೊಬ್ಬರು ಅಳೆದು ತಾಳೆ ಹಾಕುವುದು. ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನಂಥ ಕಡೆ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆಯಿಲ್ಲ. ಖರ್ಚಾಗುವುದು ಕೆಲವು ನಿಮಿಷ. ಆದರೆ ಹೊರಗೆ ಟೋಕನ್ ಸಾಲು ಉದ್ದವಿದೆ. ನಿಮಿಷಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ.

ಆದ್ದರಿಂದ ಓದುಗರೇ, ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಸ್ಲೈಸಿನ ದಪ್ಪವನ್ನೂ ಅಳೆದ ಜಾಗವನ್ನೂ ವರದಿಯಲ್ಲಿ ಬರೆಸಿಕೊಳ್ಳಿ. ಎರಡನೇ ಸ್ಕ್ಯಾನ್ ಬೇಕಾದರೆ, ಆದಷ್ಟು ಮಟ್ಟಿಗೆ ಮೊದಲಿನ ಯಂತ್ರದಲ್ಲೇ ಮಾಡಿಸಿ.