ಗ್ಯಾರೇಜಿನಲ್ಲಿ ತೋಟಾ ಪಂಕ್ತಿ

ಸಿಯಾಟಲ್ ನಗರದೊಳಗೆ ತೋಟಾ ಕೊಂಡರೆ 2016ರಿಂದ ಒಂದೊಂದಕ್ಕೂ 5 ಸೆಂಟ್ ತೆರಿಗೆ. ಪುಟ್ಟ ಪಾಯಿಂಟ್ 22ಕ್ಕೆ ಮಾತ್ರ 2 ಸೆಂಟ್. ನಮ್ಮ ಭಾವ ಇರುವುದು ರೆಂಟನ್ನಿನಲ್ಲಿ. ಅಲ್ಲಿ ಆ ತೆರಿಗೆಯೇ ಇಲ್ಲ. ಆದರೂ ಅವರು ಪಕ್ಕದೂರಿನ ಐದು ಸೆಂಟನ್ನು ಎದೆಗೆ ಹಚ್ಚಿಕೊಂಡು, ಇನ್ನು ಮನೆಯಲ್ಲೇ ತೋಟಾ ತುಂಬುತ್ತೇನೆಂದು ಗ್ಯಾರೇಜಿನ ಕಾರನ್ನು ಮಳೆಗೆ ದಬ್ಬಿದರು. ಬಂದೂಕಿನ ಆಸೆ ಅವರಿಗೆ ಹಳೆಯದು, ಆದರೆ ಎಚ್-1ಬಿ ವೀಸಾದಲ್ಲಿದ್ದಾಗ ಬಂದೂಕು ಇಟ್ಟುಕೊಳ್ಳಲು ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಭಾವನ ತಲೆ ನರೆತಿತ್ತು, ಆಸೆ ನರೆತಿರಲಿಲ್ಲ.

ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯಿಂದ ಹಳೆ ಕೇಪು ಕಿತ್ತು, ಉಬ್ಬಿದ್ದನ್ನು ಒತ್ತಿ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ಸುರಿದು, ಗುಂಡು ಬಿಗಿದರೆ ಮತ್ತೆ ತೋಟಾ. ಇದನ್ನೆಲ್ಲ ಮಾಡುವ ಯಂತ್ರಕ್ಕೆ ಪ್ರೆಸ್ಸು ಎನ್ನುತ್ತಾರೆ. ನನ್ನ ಹಸಿರು ಆರ್‌ಸಿಬಿಎಸ್ ಪ್ರೆಸ್ಸು ಸಿಂಗಲ್ ಸ್ಟೇಜ್. ಒಂದು ಎಳೆತಕ್ಕೆ ಒಂದೇ ಕೆಲಸ. ನೂರು ಕೊಳವೆಗೂ ಮೊದಲ ಕೆಲಸ ಮುಗಿಸಿ, ಅಚ್ಚು ಬದಲಿಸಿ, ನೂರಕ್ಕೂ ಎರಡನೆಯದು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಶುರುವಾದ ಕಂಪನಿ ಅದು. ಒಗೆಯುವವರ ತಾಳ್ಮೆ ಅಲ್ಲಿಂದಲೇ ಬಂದಿರಬೇಕು.

ಭಾವನದು ನೀಲಿ ಡಿಲನ್ 550, ಪ್ರೊಗ್ರೆಸಿವ್. ಹಿಡಿಕೆ ಒಮ್ಮೆ ಎಳೆದರೆ ಒಂದು ಕೊಳವೆಗೆ ಮದ್ದು, ಪಕ್ಕದ್ದಕ್ಕೆ ಗುಂಡು, ಅದರಾಚೆಯದಕ್ಕೆ ಬಿಗಿತ, ಎಲ್ಲ ಏಕಕಾಲಕ್ಕೆ. ಮದುವೆ ಪಂಕ್ತಿಯಲ್ಲಿ ಎಲೆ ಕೂತಲ್ಲೇ ಇದ್ದು ಬಡಿಸುವವರು ಓಡುತ್ತಾರೆ. ಇಲ್ಲಿ ಬಡಿಸುವವರು ನಿಂತು ಎಲೆಗಳೇ ಸುತ್ತುತ್ತವೆ. ಪಂಕ್ತಿಯಲ್ಲಿ ಯಾರಿಗಾದರೂ ಎರಡು ಸಲ ತುಪ್ಪ ಬಿದ್ದರೆ ಅವರ ಪುಣ್ಯ. ಇಲ್ಲಿ ಎರಡು ಸಲ ಮದ್ದು ಬಿದ್ದರೆ ಬಂದೂಕೇ ಸಿಡಿಯಬಹುದು. ಬೀಳದೇ ಹೋದರೋ, ಗುಂಡು ಬರೀ ಕೇಪಿನ ದಮ್ಮಿಗೆ ಅರ್ಧ ನಳಿಗೆ ಹತ್ತಿ ಅಲ್ಲೇ ಸಿಕ್ಕಿಕೊಂಡು, ಹಿಂದಿನಿಂದ ಬರುವ ಗುಂಡಿಗೆ ಅಡ್ಡ ಕೂತಿರುತ್ತದೆ.

550ರಲ್ಲಿ ಕೊಳವೆಗಳು ಕೂರುವ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ಅಕ್ಕ ಬಾಗಿಲಿಂದ "ರೀ, ಮೊಸರು ತಂದ್ರಾ?" ಅಂದರೆ, ತಿರುಗಿಸಿದೆನೋ ಇಲ್ಲವೋ ಎಂಬ ಧರ್ಮಸಂಕಟ. ಹಾಗಾಗಿ ಭಾವ ಹಣೆಗೆ ಟಾರ್ಚ್ ಕಟ್ಟಿಕೊಂಡು ಒಂದೊಂದು ಕೊಳವೆಗೂ ಇಣುಕುತ್ತಾರೆ. ಗಂಟೆಗೆ 500 ಎಂಬ ಜಂಬ ಅಲ್ಲಿಗೆ ಕುಂಟತೊಡಗುತ್ತದೆ.

ಮದ್ದಿನ ತೂಕ ಗ್ರೇನ್‌ಗಳಲ್ಲಿ. ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಭಾವ ಗ್ರೇನಿನ ಹತ್ತನೇ ಒಂದು ಭಾಗಕ್ಕೂ ಉಸಿರು ಬಿಗಿಹಿಡಿದು ತಕ್ಕಡಿ ನೋಡುತ್ತಾರೆ. ಸರ ಕೊಡಿಸುವಾಗ ಈ ಶ್ರದ್ಧೆ ಎಲ್ಲಿತ್ತು ಎಂಬುದು ಅಕ್ಕನ ಪ್ರಶ್ನೆ. ಮನೆಯಲ್ಲಿ ತುಂಬಿದ ಒಂದೊಂದು ತೋಟಾದಲ್ಲಿ ಕಾಸು ಉಳಿಯುವುದೇನೋ ಸುಳ್ಳಲ್ಲ. ಉಳಿದದ್ದಕ್ಕೆಲ್ಲ ಇನ್ನಷ್ಟು ಹೊಡೆದು ಬರುತ್ತಾರೆ, ಅಷ್ಟೆ.

ಬೇಸಿಗೆಯಲ್ಲಿ ಮೂಡಿಗೆರೆ ಕಡೆಯಿಂದ ಭಾವನ ತಂದೆ ಬಂದಿದ್ದರು. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಅವರದು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯುವಷ್ಟರಲ್ಲಿ ಹಂದಿ ಪಕ್ಕದವರ ಗದ್ದೆಯಲ್ಲಿರುತ್ತದೆ. ಭಾವ ಹೆಮ್ಮೆಯಿಂದ ಹಿಡಿಕೆ ಎಳೆದರು. ತೋಟಾಗಳು ಟಣ್ ಟಣ್ ಎಂದು ಡಬ್ಬಿಗೆ ಬಿದ್ದವು. ಮಾವ ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು.

"ಚಂದ ಉಂಟು. ಇದ್ರಲ್ಲಿ ಎಂತ ಹೊಡೀತಿ?"

"ಕಾಗದ, ಅಪ್ಪಯ್ಯ. ಇಸಾಕ್ವಾದ ಕ್ಲಬ್ಬಲ್ಲಿ ಗುರಿಗೆ ಅಂತ ಹಾಳೆ ಕಟ್ಟಿರ್ತಾರೆ."

ಮಾವ ತೋಟಾವನ್ನು ಡಬ್ಬಿಗೆ ಹಾಕಿದರು. "ಇಲ್ಲಿ ಕಾಗದ ಗದ್ದೆಗೆ ನುಗ್ತದಾ ಮಾರಾಯಾ?"