ಜೂಮಣ್ಣನ ತೀರ್ಪು

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಸುತ್ತಮುತ್ತ ಜೂಮಣ್ಣನನ್ನು ಹುಡುಕಬೇಕಾಗಿಲ್ಲ. ಚಹಾ ತಣ್ಣಗಾಗುತ್ತಿದ್ದರೂ ಮೊಬೈಲನ್ನು ಮೂಗಿನ ತುದಿಗೆ ಹಿಡಿದು, ಹೆಬ್ಬೆರಳು ತೋರುಬೆರಳುಗಳಿಂದ ಯಾವುದೋ ಪ್ರಾಣಿಯ ಬಾಲವನ್ನು ಅಗಲಿಸುತ್ತ ಕೂತವನೇ ಅವನು. ಬೈಂದೂರಿನಲ್ಲೂ ಒಬ್ಬನಿದ್ದಾನೆ, ಬ್ರಹ್ಮಾವರದಲ್ಲೂ ಒಬ್ಬ. ವಯಸ್ಸು ಅರವತ್ತರ ಆಸುಪಾಸು. ಒಂದೋ ಬ್ಯಾಂಕಿನಿಂದ ನಿವೃತ್ತ, ಇಲ್ಲವೇ ಮುಂಬೈಯ ಹೋಟೆಲನ್ನು ಮಗನಿಗೆ ಬಿಟ್ಟು ಊರಿಗೆ ಬಂದವ. ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಆಪರೇಷನ್ ಮಾಡಿಸಿಕೊಂಡರೆ ವಾಟ್ಸಾಪ್ ಗುಂಪುಗಳಿಗೆ ಅಷ್ಟು ದಿನ ಗತಿ ಯಾರು ಎಂಬ ಚಿಂತೆಯಲ್ಲಿ ಮುಂದೂಡಿದ್ದಾನೆ.

ಕಾಡುಪ್ರಾಣಿಯ ಫೋಟೋ ಗುಂಪಿಗೆ ಬಿದ್ದರೆ ಅವನ ತೀರ್ಪಿಗೆ ಹೆಚ್ಚು ಹೊತ್ತು ಬೇಡ. “ಹ್ವಾಯ್, ಇದ್ ಎಡಿಟ್ ಮಾರಾಯ್ರೆ. ನೆರಳ್ ಕಾಣಿ.” ನೆರಳಿಗೆ ಏನಾಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ನೆರಳು ಸರಿಯಾಗಿದ್ದರೆ, “ಇಷ್ಟ್ ಸಮಾ ನೆರಳ್ ಎಲ್ಲಾರೂ ಬತ್ತಾ?” ನೆರಳಿಲ್ಲದಿದ್ದರೆ, “ಕಾಣಿ, ನೆರಳೇ ಇಲ್ಲ!” ಒಟ್ಟಿನಲ್ಲಿ ಪ್ರಾಣಿ ಸಿಕ್ಕಿಬಿದ್ದ ಹಾಗೆಯೇ.

ಅವನ ಶಾಸ್ತ್ರ ಬಹಳ ಸರಳ. ಚಿತ್ರ ಚಂದ ಇದ್ದರೆ ಸುಳ್ಳು, ಮಸುಕಾಗಿದ್ದರೆ ಸತ್ಯ. ಮಿಂಚುಳ್ಳಿ ಬಾಯಲ್ಲಿ ಮೀನು ಹಿಡಿದು ನೀರ ಹನಿಗಳ ನಡುವೆ ಮೇಲೇಳುವ ಚಿತ್ರ ಎಡಿಟ್. ಯಾರದೋ ಮನೆಯ ಸಿಸಿ ಕ್ಯಾಮೆರಾದಲ್ಲಿ ಕಂಡ, ನಾಯಿಯೋ ಕರುವೋ ಕಸದ ಚೀಲವೋ ತಿಳಿಯದ ಕಪ್ಪು ಮುದ್ದೆ ಮಾತ್ರ ಅಪ್ಪಟ ಚಿರತೆ. ಹಾಗೆಂದು ಅವನು ಹುಟ್ಟು ಸಂಶಯದವನಲ್ಲ. ಬಯಲಾಟದಲ್ಲಿ ನಡುರಾತ್ರಿ ದೊಂದಿ ಹಿಡಿದು ಅಬ್ಬರಿಸಿಕೊಂಡು ಬರುವ ಮಹಿಷಾಸುರನ ಕೊಂಬನ್ನು ಅವನು ಇವತ್ತಿನವರೆಗೂ ಜೂಮ್ ಮಾಡಿ ನೋಡಿದ್ದಿಲ್ಲ.

ಅವನ ಕೀರ್ತಿ ಉತ್ತುಂಗಕ್ಕೆ ಹೋದದ್ದು 2020ರ ಜುಲೈಯಲ್ಲಿ. ಕಬಿನಿ ಕಾಡಿನಲ್ಲಿ ಮಿಥುನ್ ಎಚ್. ತೆಗೆದ ಫೋಟೋ ಆಗ ದೇಶವೆಲ್ಲ ಸುತ್ತಿತು. ಮುಂದೆ ಕ್ಲಿಯೋಪಾತ್ರಾ ಎಂಬ ಹೆಣ್ಣು ಚಿರತೆ, ಅದರ ಬೆನ್ನಿಗೇ ಸಾಯಾ ಎಂಬ ಕರಿಚಿರತೆ. ನಿಂತ ಭಂಗಿ ಎಷ್ಟು ತಾಳೆಯಾಗಿತ್ತೆಂದರೆ ಹಿಂದಿನದು ಮುಂದಿನದರ ನೆರಳೇ ಎನ್ನಬೇಕು. ನೆರಳು ಎಂದಮೇಲೆ ಜೂಮಣ್ಣನನ್ನು ತಡೆಯುವವರು ಯಾರು? “ಒಂದೇ ಚಿರತೆ. ಎರಡನೇದಕ್ಕೆ ಕಪ್ಪು ಬಣ್ಣ ಬಳ್ದದ್ದ್. ನಮ್ಮ ತಂಗಿ ಮಗ ಫೋನಂಗೇ ಮಾಡ್ತ.” ಛಾಯಾಗ್ರಾಹಕ ಈ ಜೋಡಿಗಾಗಿ ಆರು ದಿನ ಒಂದೇ ಜಾಗದಲ್ಲಿ ಕಾದಿದ್ದರಂತೆ ಎಂದು ಯಾರೋ ಹೇಳಿದರು. ಜೂಮಣ್ಣನಿಗೆ ಇನ್ನೂ ಖುಷಿ. ಆರು ದಿನ ಕೆಲಸ ಬಿಟ್ಟು ಕೂತವನ ಮಾತನ್ನು ನಂಬುವುದು ಹೇಗೆ?

ಕರಿಚಿರತೆ ಬೇರೆ ಜಾತಿಯ ಪ್ರಾಣಿಯೇ ಅಲ್ಲ, ಕಪ್ಪು ವರ್ಣದ್ರವ್ಯ ಹೆಚ್ಚಾದ ಮಾಮೂಲಿ ಚಿರತೆ. ಬಿಸಿಲು ಬಿದ್ದರೆ ಆ ಕಪ್ಪಿನೊಳಗೂ ಚುಕ್ಕೆಗಳು ಕಾಣುತ್ತವೆ. ಪಶ್ಚಿಮ ಘಟ್ಟಕ್ಕೆ ಅದು ಅಪರೂಪ, ಹೊಸದಲ್ಲ. ಇದನ್ನು ವಿವರಿಸಿದ ಹುಡುಗನನ್ನು ಜೂಮಣ್ಣ ಆ ಗುಂಪಿನಿಂದ ತೆಗೆದು ಹಾಕಿದ. ಅಡ್ಮಿನ್ ಅವನೇ.

ಅದೇ ವರ್ಷ ನವೆಂಬರಿನಲ್ಲಿ ಕರಾವಳಿಯ ಅಲೆಗಳು ರಾತ್ರಿ ಹೊತ್ತು ನೀಲಿಯಾಗಿ ಹೊಳೆದವು. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ನೀರಲ್ಲಿ ಹೆಚ್ಚಾದರೆ ಹಾಗಾಗುತ್ತದೆ. ಜೂಮಣ್ಣ ಅದನ್ನು “ಫಿಲ್ಟರ್” ಎಂದ. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಫೋನಿನಲ್ಲೇ ಸ್ಪಷ್ಟವಾಗಿ ಕಾಣುವಾಗ ಹೋಗುವುದೇಕೆ?

ಇಂಥ ಜೂಮಣ್ಣನಿಗೆ ಒಮ್ಮೆ ಅವನದೇ ಮದ್ದು ಕುಡಿಯಬೇಕಾಗಿ ಬಂತು. ಮರವಂತೆಯ ಡ್ರೋನ್ ಫೋಟೋವನ್ನು ಹೆಮ್ಮೆಯಿಂದ ಬೆಂಗಳೂರಿನ ಷಡ್ಡಕನಿಗೆ ಕಳಿಸಿದ್ದ. ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ, ನಡುವೆ ಗೆರೆ ಎಳೆದ ಹಾಗೆ ರಸ್ತೆ. ಷಡ್ಡಕ ಉತ್ತರಿಸಿದ: “ಎಐ ಚೆನ್ನಾಗಿ ಮಾಡಿದೆ. ಆದರೆ ಹೊಳೆ ಸಮುದ್ರದ ಪಕ್ಕಕ್ಕೇ ಬಂದು ಸೇರದೆ ಇರುತ್ತದೆಯೇ? ಅಲ್ಲೇ ಸಿಕ್ಕಿಬಿದ್ದಿದೆ.” ಜೂಮಣ್ಣ ಅಂದು ಊಟ ಮಾಡಲಿಲ್ಲ. ಸೌಪರ್ಣಿಕಾ ಕೊಲ್ಲೂರಿನ ಕಾಡಿನಿಂದ ಬಂದು, ಮರವಂತೆಯಲ್ಲಿ ಸಮುದ್ರವನ್ನು ಮುಟ್ಟಿಯೇ ಬಿಟ್ಟೆ ಎಂಬಷ್ಟು ಹತ್ತಿರ ಬಂದು, ಅಲ್ಲಿಂದ ಹೊರಳಿ ಗಂಗೊಳ್ಳಿಯಲ್ಲಿ ಕಡಲು ಸೇರುವುದನ್ನು ಒಂದಾದ ಮೇಲೊಂದು ಧ್ವನಿ ಸಂದೇಶದಲ್ಲಿ ವಿವರಿಸಿದ. “ನಾನ್ ಹುಟ್ಟಿ ಬೆಳೆದ ಊರ್ ಅದ್! ಬಂದ್ ಕಾಣಿ!” ಎಂದು ಕಿರುಚಿದ. ಬಂದು ನೋಡುವುದೂ ಒಂದು ಪರೀಕ್ಷಾ ವಿಧಾನ ಎಂದು ಅವನ ಬಾಯಿಂದ ಬಂದದ್ದು ಅದೊಂದೇ ಸಲ.

ಊರಿನ ಹೆಸರು ಬಂದರೆ ಅವನ ಶಾಸ್ತ್ರವೆಲ್ಲ ತಲೆಕೆಳಗು. ‘ನಿನ್ನೆ ರಾತ್ರಿ ಕೋಟೇಶ್ವರದ ಹತ್ತಿರ’ ಎಂಬ ಒಕ್ಕಣೆಯೊಂದಿಗೆ ಚಿತ್ರ ಬಂದರೆ ಸಾಕು, ಪ್ರಾಣಿಯ ಹಿಂದೆ ಹಿಮ ಬಿದ್ದಿದ್ದರೂ ಸತ್ಯವೇ. ಒಮ್ಮೆ ಅವನು ದೃಢಪಡಿಸಿದ ‘ಬ್ರಹ್ಮಾವರದ ಚಿರತೆ’ಯ ಚುಕ್ಕೆಗಳ ಒಳಗೆ ಮತ್ತೆ ಚುಕ್ಕೆಗಳಿದ್ದವು. ಅಂದರೆ ಅದು ಜಾಗ್ವಾರ್, ದಕ್ಷಿಣ ಅಮೆರಿಕದ್ದು. ಪಾಪ, ಅಷ್ಟು ದೂರದಿಂದ ಬಂದ ಅತಿಥಿಯನ್ನು ಫೇಕ್ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಇತ್ತ ತೆಕ್ಕಟ್ಟೆ ಹತ್ತಿರದ ಮಾಲಾಡಿಯಲ್ಲಿ ಅರಣ್ಯ ಇಲಾಖೆಯವರ ಬೋನಿಗೆ ನಿಜವಾದ ಚಿರತೆ ಬಿದ್ದ ಫೋಟೋ ಬಂದಾಗ, ಬೋನಿನ ಸರಳುಗಳು ತುಂಬ ನೆಟ್ಟಗಿವೆ ಎಂಬ ಕಾರಣಕ್ಕೆ ತೀರ್ಪನ್ನು ಕಾದಿರಿಸಿದ.

ಚಿತ್ರದ ನಿಜ ಸುಳ್ಳು ಹೇಳುವುದು ಜೂಮಣ್ಣನ ಅಂತರರಾಷ್ಟ್ರೀಯ ಬಂಧುಗಳಿಗೂ ಸುಲಭದ ಕೆಲಸವಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2017ರಲ್ಲಿ ಬ್ರೆಜಿಲಿನ ಫೋಟೋ ಒಂದಕ್ಕೆ ಬಹುಮಾನ ಬಂದಿತ್ತು. ರಾತ್ರಿ ಹೊಳೆಯುವ ಗೆದ್ದಲ ಹುತ್ತ, ಅದರ ಬುಡಕ್ಕೆ ಬಂದ ಇರುವೆಭಕ್ಷಕ. ಆ ಪ್ರಾಣಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರವಾಸಿ ಕೇಂದ್ರದಲ್ಲಿ ನಿಲ್ಲಿಸಿದ ಹುಲ್ಲು ತುಂಬಿದ ಬೊಂಬೆಯನ್ನೇ ಹೋಲುತ್ತದೆ ಎಂಬ ದೂರು ಬಂತು. ರೋಮಗಳ ಸುಳಿ, ಬಣ್ಣದ ಪಟ್ಟೆ, ಕತ್ತಿನ ಭಂಗಿ ಎಲ್ಲವನ್ನೂ ತಜ್ಞರು ತಾಳೆ ನೋಡಿದರು. ಆ ಫೋಟೋಕ್ಕೆ ಮೊದಲು, ನಂತರ ತೆಗೆದ ಚಿತ್ರಗಳ ಮೂಲ ಕಡತಗಳನ್ನು ಕೇಳಿದರು. ಅವು ಸಿಕ್ಕವು, ಒಂದರಲ್ಲೂ ಇರುವೆಭಕ್ಷಕ ಇರಲಿಲ್ಲ. 2018ರ ಏಪ್ರಿಲಿನಲ್ಲಿ ಬಹುಮಾನ ಹೋಯಿತು. ಛಾಯಾಗ್ರಾಹಕ ಕೊನೆಯವರೆಗೂ ಒಪ್ಪಲಿಲ್ಲ. ಸ್ವೀಡನ್ನಿನಲ್ಲಿ 2011ರಲ್ಲಿ ಇನ್ನೂ ಸೊಗಸಾದದ್ದು ನಡೆಯಿತು. ಜುಲೈಯಲ್ಲಿ ತೆಗೆದದ್ದು ಎಂದ ಫೋಟೋದಲ್ಲಿ ಲಿಂಕ್ಸ್ ಬೆಕ್ಕಿನ ಮೈಮೇಲೆ ಚಳಿಗಾಲದ ದಪ್ಪ ರೋಮ! ಹಿಡಿದದ್ದು ಸಾಫ್ಟ್‌ವೇರ್ ಅಲ್ಲ, ಬೇಟೆಗಾರರ ಸಂಘದಲ್ಲಿ ಕೆಲಸ ಮಾಡುತ್ತಿದ್ದ, ಪ್ರಾಣಿಯನ್ನು ಬಲ್ಲ ಒಬ್ಬ ಮನುಷ್ಯ.

ಈ ಎರಡೂ ಕತೆಗಳನ್ನು ಜೂಮಣ್ಣನಿಗೆ ಓದಿ ಹೇಳಿದೆವು. ಮೊದಲಿನದಕ್ಕೆ “ನಂಗ್ ಆಗಳೇ ಗೊತ್ತಿತ್ತ್” ಎಂದ. ಎರಡನೆಯದಕ್ಕೆ, ಪ್ರಾಣಿಯನ್ನು ಬಲ್ಲವರು ಎಂಬಲ್ಲಿ ತನ್ನ ಹೆಸರು ಸೇರಿಸಿಕೊಂಡು ತಲೆಯಾಡಿಸಿದ. ಮೂಕಾಂಬಿಕಾ ಅಭಯಾರಣ್ಯ ಅವನ ಮನೆಯಿಂದ ಒಂದು ಬಸ್ಸಿನ ದಾರಿ. ಕೊಲ್ಲೂರಿಗೆ ವರ್ಷಕ್ಕೊಮ್ಮೆ ಹೋಗುತ್ತಾನೆ. ದಾರಿಯುದ್ದಕ್ಕೂ ಕಾಡು ಬಂದಾಗ ಕಿಟಕಿಯಿಂದಾಚೆ ನೋಡುವುದಿಲ್ಲ, ನೆಟ್‌ವರ್ಕ್ ಹೋಯಿತೆಂದು ಬೈಯುತ್ತಾನೆ.

ನಿಮ್ಮ ಗುಂಪಿನಲ್ಲೂ ಒಬ್ಬ ಜೂಮಣ್ಣ ಇದ್ದೇ ಇರುತ್ತಾನೆ. ಹಬ್ಬಕ್ಕೆ, ಮದುವೆಗೆ ಅವಶ್ಯ ಕರೆಯಿರಿ, ಜನ ಬಹಳ ಒಳ್ಳೆಯವ. ಆದರೆ ನಿಮ್ಮ ಹಟ್ಟಿಯ ಹತ್ತಿರ ಚಿರತೆ ಕಂಡು ಫೋಟೋ ತೆಗೆದರೆ ಮೊದಲು ಅವನಿಗೆ ಕಳಿಸಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಅವರು ನೆರಳಿನ ವಿಚಾರ ಕೇಳುವುದಿಲ್ಲ.